ಗಾಜಿನ ಪೆಟ್ಟಿಗೆಯ ಜಡೆ

ಅಪ್ಪನ ಶವದ ಪಕ್ಕ ನಿಂತು ಅಮ್ಮ ಮತ್ತೊಮ್ಮೆ ರೈಲಿನಿಂದ ಹಾರುತ್ತಿದ್ದಳು. ಒಂದು ಕೈ ಗಾಳಿಯಲ್ಲಿ, ಇನ್ನೊಂದು ಕನ್ನಡಕ ಬೀಳದಂತೆ ಮೂಗಿನ ಮೇಲೆ.

"ಕೆಳಗೆ ಹೊಳೆ, ಮೇಲೆ ಹೊಗೆ! ನಾನು ಕಣ್ಣು ಮುಚ್ಚಿ..."

ನೆರೆಯವರು ಅಳುವುದನ್ನು ಬಿಟ್ಟು ಬಾಯಿ ಕಳೆದುಕೊಂಡು ಕೇಳುತ್ತಿದ್ದರು. ಮಗಳಿಗೆ ಮೈ ಉರಿಯಿತು. ಹೊರುವವರು ಇನ್ನೇನು ಬಂದುಬಿಡುತ್ತಾರೆ. ಅಷ್ಟರೊಳಗೆ ಅಪ್ಪನ ಬಗ್ಗೆ ಯಾರಾದರೂ ಒಂದೇ ಒಂದು ಒಳ್ಳೆಯ ಮಾತಾಡಲಿ ಎಂದು ಬೆಳಗ್ಗಿನಿಂದ ಕಾದಿದ್ದಳು.

"ಅತ್ತೆ, ನಿಮ್ಮ ಅಣ್ಣನ ಬಗ್ಗೆ ಏನಾದ್ರೂ ಹೇಳಿ."

ಅತ್ತೆ ತುಂಬ ಹೊತ್ತು ಯೋಚಿಸಿದರು. "ಪಾಪ, ಗುಂಡಿ ಚೆನ್ನಾಗಿ ಹೊಲೀತಿದ್ದ."

* * *

ಅಮ್ಮ ನಾಯಕಿಯಾಗಿದ್ದ ಮೂಕಿ ಚಿತ್ರ ವಾರಕ್ಕೊಂದು ಕಂತಿನಂತೆ ಓಡಿತ್ತು. 'ನಾಯಕಿಯ ನಿಜಜೀವನದ ಸಾಹಸಗಳು' ಎಂದು ಊರಿನ ಗೋಡೆಗಳ ಮೇಲೆಲ್ಲ ಬರೆಸಿದ್ದರಂತೆ. ಆಮೇಲೆ ಗೋದಾಮಿಗೆ ಬೆಂಕಿ ಬಿದ್ದು ಒಂದು ಚೂರು ರೀಲೂ ಉಳಿಯಲಿಲ್ಲ. ಉಳಿದದ್ದು ಅಮ್ಮನ ಬಾಯಿ, ಮತ್ತೆ ಗಾಜಿನ ಪೆಟ್ಟಿಗೆಯಲ್ಲಿ ಅವಳು ತನ್ನದೆನ್ನುತ್ತಿದ್ದ ಉದ್ದನೆಯ ಜಡೆ.

ಅಪ್ಪ ಅದೇ ಸ್ಟುಡಿಯೋದ ದರ್ಜಿ. ಬಲ್ಬು ಬದಲಿಸಬೇಕಾದರೆ, "ಮೊಣಕಾಲು ನೋವು, ನೀನೇ ಸ್ಟೂಲು ಹತ್ತಮ್ಮ" ಎಂದು ಮಗಳನ್ನು ಕರೆಯುತ್ತಿದ್ದ.

"ಪುಕ್ಕಲ!" ಎಂದು ಅಮ್ಮ ನಗುತ್ತಿದ್ದಳು. ಅವಳೂ ಹತ್ತುತ್ತಿರಲಿಲ್ಲ, ಆಗಲೇ ಬೇಕಾದಷ್ಟು ಹತ್ತಿಯಾಗಿತ್ತಂತೆ.

* * *

ಕೋಲೂರಿಕೊಂಡು ಮುದುಕನೊಬ್ಬ ಒಳಗೆ ಬಂದ. ಆ ಚಿತ್ರದ ಖಳನಾಯಕ. ಅಮ್ಮನ ಕೈ ಗಾಳಿಯಲ್ಲೇ ನಿಂತಿತು.

ಅವನಿಗೆ ಕಿವಿ ಮಂದ, ಹಾಗಾಗಿ ಪಿಸುಮಾತೂ ಬೀದಿಗೆ ಕೇಳುವಂತಿತ್ತು. ಅಪ್ಪನ ಮುಖ ನೋಡಿದವನೇ, "ಅಯ್ಯೋ, ನನ್ನ ನಾಯಕಿ!" ಎಂದು ಗೊಳೋ ಎಂದು ಅತ್ತ.

"ತಪ್ಪು ಮನೆಗೆ ಬಂದಿರ್ಬೇಕು ಕಣೇ," ಎಂದರು ಅತ್ತೆ.

"ರೈಲಿನ ಮೇಲೆ ಜಡೆ ಹಿಡಿದೆಳೆದೆ. ಜಡೆ ನನ್ನ ಕೈಲಿ, ಈ ಮೀಸೆಯೋನು ಹೊಳೇಲಿ! ಮೊಣಕಾಲು ಒಡ್ಕೊಂಡು ಮೇಲೆ ಬಂದ. ಲಂಗದ ಹರಕು ತಾನೇ ಹೊಲ್ಕೊಂಡ, ಜಡೆ ಕಟ್ಕೊಂಡ, ಮತ್ತೆ ಹಾರಿದ. ಈಯಮ್ಮ ಕುರ್ಚಿ ಹತ್ತೋಕೂ ಹೆದರ್ತಿದ್ರು!"

ಎಲ್ಲರೂ ಅಮ್ಮನತ್ತ ತಿರುಗಿದರು. ಅವಳು ಮೆಲ್ಲಗೆ ಕೈ ಇಳಿಸಿದಳು.

"ನಿಮ್ಮಪ್ಪನೇ ಹೇಳ್ಬೇಡ ಅಂದಿದ್ರು. ಗೊತ್ತಾದ್ರೆ ಯಾರು ಟಿಕೆಟ್ ತಗೋತಾರೆ ಅಂತ."

"ಚಿತ್ರ ಸುಟ್ಟುಹೋದ ಮೇಲೆ?" ಎಂದಳು ಮಗಳು.

"ಆಮೇಲೆ... ಅಭ್ಯಾಸ ಆಗೋಯ್ತು ಕಣೇ."

ಅಮ್ಮ ಗಾಜಿನ ಪೆಟ್ಟಿಗೆ ತೆರೆದಳು. ಜಡೆಯ ಧೂಳು ಊದಿ, ಸಿಕ್ಕು ಬಿಡಿಸಿ, ಅಪ್ಪನ ಎದೆಯ ಮೇಲಿಟ್ಟಳು.

ಹೊರುವವರು ಎತ್ತಿಕೊಂಡು ಬೀದಿಗಿಳಿದರು. ತಿರುವಿನಲ್ಲಿ ಗಾಳಿ ಬೀಸಿ, ಹೊದಿಕೆಯಿಂದ ಜಾರಿದ ಜಡೆ ಜೋತಾಡತೊಡಗಿತು. ಹಿಂದೆಯೇ ಬರುತ್ತಿದ್ದ ಖಳನಾಯಕನ ಕೈ ಅವನಿಗರಿವಿಲ್ಲದೆ ಅದರತ್ತ ಚಾಚಿಕೊಂಡಿತು.

ಪಕ್ಕದಲ್ಲೇ ಬರುತ್ತಿದ್ದ ಅಮ್ಮ ಪಟ್ಟೆಂದು ಆ ಕೈಗೊಂದು ಏಟು ಕೊಟ್ಟಳು.