ಮುಖ ನೋಡಿ ಮಾತಾಡಿದ ವೈದ್ಯರು

ಒಂದು ರಾಜ್ಯದಲ್ಲಿ ಊರಿಗೊಂದು ಕನ್ನಡಿ ಇತ್ತು. ಅದರ ಮುಂದೆ ನಿಂತರೆ ದೂರದ ರಾಜಧಾನಿಯ ವೈದ್ಯಗೋಪುರದಲ್ಲಿ ಕುಳಿತ ವೈದ್ಯರ ಮುಖ ಕಾಣುತ್ತಿತ್ತು, ಮಾತು ಕೇಳುತ್ತಿತ್ತು. ಸುತ್ತಲಿನ ಯಾವ ರಾಜ್ಯದಲ್ಲೂ ಇಂಥದ್ದಿರಲಿಲ್ಲ. ಅಲ್ಲಿನ ಜನ ಪರವೂರಿಗೆ ಹೋದಾಗ ಎದೆಯುಬ್ಬಿಸಿ ಹೇಳುತ್ತಿದ್ದರು: "ನಮ್ಮಲ್ಲಿ ಜ್ವರ ಬಂದವನು ಹೊಸಿಲು ದಾಟಿದರೆ ಸಾಕು, ವೈದ್ಯರು ಎದುರಿಗಿರುತ್ತಾರೆ."

ಗಡಿಯ ಕಲ್ಲುಗಣಿಯ ಊರಿನಲ್ಲಿ ದ್ಯಾವಮ್ಮ ಎಂಬವಳಿದ್ದಳು. ಅವಳ ಗಂಡ ಮುದ್ದಯ್ಯ ಕಲ್ಲು ಕಡಿಯುವವನು. ಎರಡು ತಿಂಗಳಿಂದ ಅವನಿಗೆ ಉಸಿರು ಕಟ್ಟುತ್ತಿತ್ತು. ಬಿಂದಿಗೆ ಎತ್ತಿದರೂ ಕೂತುಬಿಡುತ್ತಿದ್ದ. ಅವಳು ಮೂರು ಸಲ ಕನ್ನಡಿಯ ಮುಂದೆ ನಿಂತು ಮೂವರು ವೈದ್ಯರನ್ನು ಕಂಡಳು. ಮೂವರೂ ಮಹಾಪಂಡಿತರು. ಆದರೆ ಅವರ ಪಕ್ಕದಲ್ಲಿ ಕಾದಿರುವ ರೋಗಿಗಳ ಪಟ್ಟಿಯ ಹಲಗೆ ಇರುತ್ತಿತ್ತು, ಕಣ್ಣು ಅತ್ತಲೇ ಇರುತ್ತಿತ್ತು.

"ಅವರು ಮಾತಾಡಿದ್ದು ನನ್ನ ಜೊತೆಯಲ್ಲ, ಗೋಡೆಯ ಜೊತೆ," ಎಂದಳು ಮನೆಗೆ ಬಂದು. ಅವರು ಹೇಳಿದ ಪುಡಿಯನ್ನು ಮುದ್ದಯ್ಯ ಎರಡು ದಿನ ತಿಂದು ಬಿಟ್ಟ.

ನಾಲ್ಕನೆಯ ಸಲ ಗಂಡನನ್ನೂ ಕರೆದುಕೊಂಡು ಹೋದಾಗ ಕಂಡವರು ಮರುಳಯ್ಯ ಎಂಬ ಹಿರಿಯ ವೈದ್ಯರು. ಅವರ ಮುಖ ನೇರ ಅವಳತ್ತಲೇ ಇತ್ತು, ಅತ್ತಿತ್ತ ಅಲುಗಲಿಲ್ಲ. ಅವಳು ಹೇಳಿ ಮುಗಿಸುವವರೆಗೂ ಅವರು ತುಟಿ ಬಿಚ್ಚಲಿಲ್ಲ.

"ತಾಯಿ, ಅವನ ಬೆನ್ನಿಗೆ ಕಿವಿ ಇಟ್ಟು ಕೇಳು. ಏನು ಸದ್ದು?"

ಅವಳು ಕಿವಿಯಿಟ್ಟಳು. "ಒಣಗಿದ ಎಲೆ ತುಳಿದ ಹಾಗೆ, ಸ್ವಾಮಿ. ಎಡಗಡೆ, ಕೆಳಗೆ."

"ಚೆನ್ನಾಗಿ ಕೇಳಿದೆ. ಅದು ಕಲ್ಲಿನ ಧೂಳು. ಒಳಗೆ ಹೋದದ್ದೆಲ್ಲ ಹೊರಗೆ ಬರುವುದಿಲ್ಲ, ಹೊಸದು ಹೋಗದಂತೆ ನೋಡಬೇಕು. ಮೂರು ತಿಂಗಳು ಗಣಿಗೆ ಹೋಗುವುದು ಬೇಡ. ಮೊದಲು ಕೊಟ್ಟ ಪುಡಿಯೇ ಸರಿಯಾದದ್ದು, ಬಿಡದೆ ತಿನ್ನಲಿ. ಆಮೇಲೆ ಹೋದರೂ ಕಲ್ಲನ್ನು ನೆನೆಸಿ ಕಡಿಯಲಿ. ನಿನಗೆ ಭಯವಾಗಿದೆ ಅಲ್ಲವೇ?"

ಯಾರೂ ಕೇಳದ ಪ್ರಶ್ನೆ ಅದು. ದ್ಯಾವಮ್ಮ ಕನ್ನಡಿಯ ಮುಂದೆಯೇ ಅತ್ತಳು. ಮುದ್ದಯ್ಯ ಅದೇ ಪುಡಿಯನ್ನು ಬಿಡದೆ ತಿಂದ. ಮೂರು ತಿಂಗಳಾಗುವ ಹೊತ್ತಿಗೆ ತಾನೇ ಬಿಂದಿಗೆ ಹೊತ್ತು ತಂದ.

ಆ ವರ್ಷ ರಾಜನಿಗೆ ತನ್ನ ಕನ್ನಡಿಗಳ ಮಹಿಮೆಯನ್ನು ಜನರ ಬಾಯಿಂದಲೇ ಕೇಳುವ ಆಸೆಯಾಯಿತು. ಕರುಣೆಯುಳ್ಳ ವೈದ್ಯರು ಯಾರೆಂದು ಹೇಳಲು ಊರಿಗೊಬ್ಬರನ್ನು ಕರೆಸಿದ. ಗಣಿಯ ಊರಿನಿಂದ ದ್ಯಾವಮ್ಮ ಹೋದಳು. ತುಂಬಿದ ಸಭೆಯಲ್ಲಿ ತಲೆಯೆತ್ತಿ ನಿಂತು ಹೇಳಿದಳು: "ಮರುಳಯ್ಯನವರು. ನನ್ನ ಮುಖ ನೋಡಿ ಮಾತಾಡಿದವರು ಅವರೊಬ್ಬರೇ."

ಬೇರೆ ಊರಿನವರೂ ಅದನ್ನೇ ಹೇಳಿದರು. ಮರುಳಯ್ಯನವರನ್ನು ಕರೆಸಲಾಯಿತು. ಅವರು ಕೋಲಿನಿಂದ ನೆಲ ತಡವುತ್ತಾ ಬಂದರು. ಅವರಿಗೆ ಹುಟ್ಟಿನಿಂದ ಕಣ್ಣಿರಲಿಲ್ಲ.

"ನಿನ್ನನ್ನು ನೋಡಿದವರು ಇವರೇನಮ್ಮ?" ಎಂದು ಮಂತ್ರಿ ನಕ್ಕ.

"ಹೌದು, ಇವರೇ," ಎಂದಳು ದ್ಯಾವಮ್ಮ.

ಆ ದನಿ ಕೇಳಿದ್ದೇ ಮರುಳಯ್ಯನವರು ಅತ್ತ ತಿರುಗಿದರು. "ಗಣಿಯ ಊರಿನ ತಾಯಿಯಲ್ಲವೇ? ಎಡಗಡೆಯ ಸದ್ದು ಹೇಗಿದೆ?"

"ಕಡಿಮೆಯಾಗಿದೆ, ಸ್ವಾಮಿ," ಎಂದಳು. ಅವಳು ಮಂತ್ರಿಯತ್ತ ನೋಡಿದ ನೋಟದಲ್ಲಿ, ಸಿಂಹಾಸನದಲ್ಲಿದ್ದವನಿಗೂ ಇಲ್ಲದ ಹೆಮ್ಮೆಯಿತ್ತು.

ಮಂತ್ರಿ ಬುದ್ಧಿವಂತ. ಇದರ ಗುಟ್ಟು ಏನೆಂದು ಅವನು ಅಂದೇ ಕಂಡುಹಿಡಿದ. ಮುಂದಿನ ಹುಣ್ಣಿಮೆಯಿಂದ ಗೋಪುರದ ವೈದ್ಯರೆಲ್ಲ ಕಣ್ಣಿಗೆ ರೇಷ್ಮೆಯ ಪಟ್ಟಿ ಕಟ್ಟಿಕೊಂಡು ಕನ್ನಡಿಯ ಮುಂದೆ ಕುಳಿತರು. ರೋಗಿ ಬಾಯಿ ತೆರೆಯುವ ಮುಂಚೆಯೇ ಔಷಧದ ಹೆಸರು ಹೇಳಿ ಮುಗಿಸಿದರು. ಪರರಾಜ್ಯದ ರಾಯಭಾರಿಗಳು ಬಂದು ನೋಡಿ ಬೆರಗಾದರು. ಮರುಳಯ್ಯನವರಿಗಂತೂ ಅರಮನೆ ಯಾರಿಗೂ ಸಿಗದ ಗೌರವ ಕೊಟ್ಟಿತು: ಅವರನ್ನು ಕನ್ನಡಿಯ ಮುಂದಿನಿಂದ ಎಬ್ಬಿಸಿ, ಪಟ್ಟಿ ಕಟ್ಟುವುದನ್ನು ಕಲಿಸುವ ಗುರುವಾಗಿ ನೇಮಿಸಿತು.