ಅರವತ್ತೈದು ಸಾವಿರ ಮೆಟ್ಟಿಲು

ಹುಣಸೂರು ತಾಲ್ಲೂಕಿನ ಮೇಲೆ ದೂರಗಾಮಿ ಪರಿಣಾಮ ಬೀರಬಲ್ಲ ಸಂಗತಿಯೊಂದು ಆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಡೆಯಿತು: ಫೋಟೊ ಸ್ಟುಡಿಯೊದ ಪ್ರಭುಸ್ವಾಮಿ ರಸ್ತೆ ದಾಟಿ, ಎದುರು ಸ್ಟುಡಿಯೊದ ಪ್ರಮೀಳಾಳ ಕಂಪ್ಯೂಟರಿನೊಳಗೆ ಇಣುಕಿದ.

ಇಣುಕದೆ ಗತಿಯಿರಲಿಲ್ಲ. ಮಾನಸಳ ಮದುವೆ ಆಲ್ಬಮ್ಮು ಯಾರ ಪಾಲಿಗೆಂದು ತೀರ್ಮಾನಿಸಲು ಅವಳ ಅಜ್ಜಿ ಸಾಕಮ್ಮ, ನಿಶ್ಚಿತಾರ್ಥದಲ್ಲಿ ನೆಂಟನೊಬ್ಬ ತೆಗೆದ ಒಂದೇ ಫೋಟೊವನ್ನು ಇಬ್ಬರಿಗೂ ಕೊಟ್ಟು ತಿದ್ದಿ ತರಲು ಹೇಳಿದ್ದಳು. ಮುಸ್ಸಂಜೆ, ಕೆಂಪು ಆಕಾಶ, ಎಣ್ಣೆಗಪ್ಪು ಬಣ್ಣದ ಹುಡುಗಿ. ಪ್ರಭುಸ್ವಾಮಿ ಬೆಳಕು ಏರಿಸಿದಷ್ಟೂ ಆಕಾಶ ಉತ್ತ ಹೊಲದ ಹಾಗೆ ಗೆರೆಗೆರೆಯಾಗುತ್ತಿತ್ತು. ಪ್ರಮೀಳಾಳ ಪರದೆಯಲ್ಲಿ ಅದೇ ಆಕಾಶ ಆರತಿ ತಟ್ಟೆಯ ಓಕುಳಿಯಂತೆ ನುಣ್ಣಗಿತ್ತು. ಅವನ ಹೊಟ್ಟೆಗೆ ಹಸಿಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು.

"ಯಾವ ಸಾಫ್ಟ್‌ವೇರವ್ವ ಇದು?"

"ಪುಕ್ಸಟ್ಟೆದು ಕಣಣ್ಣ. ಯಾರ್ಯಾರೋ ಸೇರ್ಕಂಡು ಬರ್ದು ಊರಿಗೆಲ್ಲ ಬುಟ್ಟವ್ರೆ. ನಿಮ್ದ್ರಲ್ಲಿ ಒಂದೊಂದು ಬಣ್ಣ ಕಪ್ಪಿಂದ ಬೆಳಕಿಗೆ ಏರಾಕೆ ಇನ್ನೂರೈವತ್ತಾರೇ ಮೆಟ್ಲು, ಅದ್ಕೇ ಗೆರೆ ಬೀಳದು. ಇದ್ರಲ್ಲಿ ಅರವತ್ತೈದು ಸಾವ್ರ."

"ಚಾಮುಂಡಿ ಬೆಟ್ಟಕ್ಕೇ ಸಾವ್ರ ಕಣವ್ವ. ಅಷ್ಟ ಅತ್ತೋರ್ಯಾರು?"

"ಅತ್ಬ್ಯಾಡಿ, ತಗಂಡೋಗಿ," ಎಂದವಳೇ ಪೆನ್‌ಡ್ರೈವಿಗೆ ಹಾಕಿ ಕೊಟ್ಟೇಬಿಟ್ಟಳು.

ಬಚ್ಚಿಟ್ಟಿದ್ದರೆ ಬೈಯಬಹುದಿತ್ತು. ನಗುನಗುತ್ತ ಕೊಟ್ಟವಳನ್ನು ಏನು ಮಾಡುವುದು? ಉರಿ ಇನ್ನೂ ಜಾಸ್ತಿಯಾಯಿತು.

ಎರಡು ದಿನ ಕೂತ. ಆಕಾಶದ ಗೆರೆಗಳು ಕರಗಿದವು. ಕತ್ತಲೊಳಗಿಂದ ಮಾನಸಳ ಜಡೆಯ ಕನಕಾಂಬರ ಒಂದೊಂದೇ ಹೂವಾಗಿ ಎದ್ದು ಬಂತು. ಇಪ್ಪತ್ತು ವರ್ಷದಲ್ಲಿ ತಾನು ಇಂಥ ಕೆಲಸ ಮಾಡಿರಲಿಲ್ಲವೆಂದು ಅವನಿಗೇ ಗೊತ್ತಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇಷ್ಟನ್ನು ಪ್ರಮೀಳಾಳೂ ಮಾಡಿರುತ್ತಾಳಲ್ಲ? ಒಂದು ಕೈ ಮೇಲಾಗಬೇಡವೆ? ಪಿರಿಯಾಪಟ್ಟಣದವರೆಗಿನ ಮದುಮಗಳಿಗೆಲ್ಲ ತಪ್ಪದೆ ಬಳಿದುಕೊಂಡು ಬಂದಿದ್ದ ಬಿಳುಪನ್ನು ಮಾನಸಳ ಮುಖಕ್ಕೂ ಬಳಿದ, ಮೂರು ಪಟ್ಟು. ಮೆಟ್ಟಿಲುಗಳಿಗೇನು ಬರವಿರಲಿಲ್ಲ, ಬಿಳುಪು ಎಲ್ಲೂ ಎಡವದೆ ಏರಿತು.

ಗುರುವಾರ ಸಾಕಮ್ಮ ಮೊಮ್ಮಗಳೊಂದಿಗೆ ಬಂದು ಎರಡೂ ಪ್ರಿಂಟುಗಳನ್ನು ಅವನ ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟಳು. ಆಕಾಶದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಪ್ರಭುಸ್ವಾಮಿ ಉಸಿರು ಬಿಟ್ಟ.

"ಆಕಾಸ ಸಂದಾಗೈತೆ ಕಣಪ್ಪ," ಎಂದ ಮುದುಕಿ ಅವನ ಪ್ರಿಂಟಿನ ಮೇಲೆ ಬೆರಳಿಟ್ಟಳು. "ಈ ಎಣ್ಣು ಯಾರು, ಗಂಡಿನ ಕಡೇರಾ?"

"ನಾನೇ ಕಣಜ್ಜಿ," ಎಂದಳು ಮಾನಸ.

ಸಾಕಮ್ಮ ಮೊಮ್ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಮತ್ತೆ ಫೋಟೊ ನೋಡಿದಳು.

"ನೀನ್ಯಾಕಾದೀಯೆ ಬುಡು. ನಿಂದು ನನ್ ಬಣ್ಣ."

ಆಲ್ಬಮ್ಮು ಪ್ರಮೀಳಾಳ ಪಾಲಾಯಿತು.