ಗ್ರಹಣ ಬಿಡುವ ಮೊದಲು

ಸಕ್ಕರೆ ನೀರಿನ ಲೋಟವನ್ನು ಅಂಬುಜಮ್ಮ ಮತ್ತೆ ದೂಡಿದರು. ಅರ್ಧ ನೀರು ಕಮಲಾಕರನ ಮೈಮೇಲೆ ಚೆಲ್ಲಿತು. ತಾಯಿಯ ಹಣೆ, ಕುತ್ತಿಗೆಯೆಲ್ಲ ಬೆವರು. ಕೈ ಗಡಗಡ ನಡುಗುತ್ತಿತ್ತು.

"ಗ್ರಹಣ ಬಿಡ್ಲಿ. ಬಿಟ್ಮೇಲೆ ಸ್ನಾನ ಮಾಡಿ ಕುಡೀತೀನಿ," ಎಂದರು. ನಾಲಿಗೆ ತೊದಲುತ್ತಿತ್ತು.

ಅಂದು ಚಂದ್ರ ಗ್ರಹಣ ಹಿಡಿದುಕೊಂಡೇ ಹುಟ್ಟಿದ್ದ. ಅಂಥ ದಿನ ಹಗಲೆಲ್ಲ ಉಪವಾಸ. ಮೈಲಾಪೂರಿನ ಆ ವಠಾರದಲ್ಲಿ ಒಂದು ಮನೆಯಲ್ಲೂ ಒಲೆ ಹೊತ್ತಿರಲಿಲ್ಲ. ಅದು ಕಮಲಾಕರನಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಕಂಪೌಂಡರ್ ಬಂದು ಅಮ್ಮನಿಗೆ ಸಕ್ಕರೆ ಕಾಯಿಲೆಯ ಸೂಜಿ ಹಾಕಿಹೋಗುತ್ತಾನೆ ಎಂಬುದೂ ಗೊತ್ತಿತ್ತು. ಸೂಜಿ ಹಾಕಿಸಿಕೊಂಡು ಊಟ ಬಿಟ್ಟರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಅವನೊಬ್ಬನನ್ನೇ ಕೂರಿಸಿಕೊಂಡು ಹೇಳಿದ್ದರು. ಎಲ್ಲ ಗೊತ್ತಿದ್ದೂ ಒಂದಕ್ಕೊಂದು ಸೇರಿಸಿ ನೋಡದೆ ಆಫೀಸಿಗೆ ಹೋಗಿಬಿಟ್ಟಿದ್ದ. ಔಷಧವೇನು ಆಹಾರವೇ ಎಂದು ಅಮ್ಮ ಎಂದಿನಂತೆ ತೋಳು ಒಡ್ಡಿದ್ದರು. ಹೆಂಡತಿ ತುಂಗಾಗೆ ಅವನು ಏನೂ ಹೇಳಿಯೇ ಇರಲಿಲ್ಲ.

ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕುವಂತಿಲ್ಲ, ಉಸಿರಿಗೆ ಸಿಕ್ಕೀತು. ಅದನ್ನೂ ಡಾಕ್ಟರು ಹೇಳಿದ್ದರು. ಕೀಲ್ಪಾಕ್ ಆಸ್ಪತ್ರೆಗೆ ಹೋಗೋಣವೆಂದರೆ ಟ್ಯಾಕ್ಸಿ ಹುಡುಕಿ ತರುವಷ್ಟು ಹೊತ್ತು ಅಮ್ಮನಲ್ಲಿ ಉಳಿದಂತೆ ಕಾಣಲಿಲ್ಲ.

ಸಂಜೆ ಕಾಲೇಜಿನಲ್ಲಿ ಕಲಿತದ್ದನ್ನು ಅವನು ಒಂದೇ ಉಸಿರಿಗೆ ಹೇಳತೊಡಗಿದ. ಚಂದ್ರನಿಗೆ ಸ್ವಂತ ಬೆಳಕಿಲ್ಲ. ಬಿಸಿಲು ಬಿದ್ದ ಭಾಗ ನಮಗೆ ಎಷ್ಟು ಕಾಣುತ್ತದೋ ಅದೇ ಬಿದಿಗೆ, ಅದೇ ಅಷ್ಟಮಿ, ಅದೇ ಹುಣ್ಣಿಮೆ. ಹುಣ್ಣಿಮೆಯ ದಿನ ಸೂರ್ಯನಿಗೂ ಚಂದ್ರನಿಗೂ ನಡುವೆ ಭೂಮಿ ಇರುತ್ತದೆ. ಚಂದ್ರನ ದಾರಿ ಸ್ವಲ್ಪ ಓರೆ, ಹಾಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಭೂಮಿಯ ನೆರಳಿಗೆ ಸಿಗದೆ ಹೋಗುತ್ತಾನೆ. ಇವತ್ತು ಸಿಕ್ಕಿದ್ದಾನೆ, ಅಷ್ಟೇ.

"ನೆರಳಮ್ಮ. ಬರೀ ನಮ್ಮ ನೆರಳು."

"ಗೊತ್ತೋ. ನಿಮ್ಮಪ್ಪ ಗ್ರಹಣದ ಗಣಿತ ಹಾಕ್ತಿದ್ರು. ನೆರಳು ಅಂತ್ಲೇ ಹೇಳ್ತಿದ್ರು. ಹೇಳಿ ಉಪವಾಸ ಇರ್ತಿದ್ರು."

ಅಷ್ಟರಲ್ಲಿ ಅವರ ನೋಟ ಅವನನ್ನು ದಾಟಿ ಎಲ್ಲೋ ಹೋಯಿತು. "ಸುಬ್ರಾಯ, ಬಾಗಿಲು ಹಾಕೋ," ಎಂದರು. ಸುಬ್ರಾಯ ಅವರ ತಮ್ಮ; ಸತ್ತು ಎಷ್ಟೋ ವರ್ಷವಾಗಿತ್ತು.

ಕಮಲಾಕರ ಹೊರಗೆ ಓಡಿದ. ಹೆಂಚಿನ ಮೇಲೆ ಚಂದ್ರ ಹಳೆಯ ತಾಮ್ರದ ತಟ್ಟೆಯಂತೆ ಮಂಕಾಗಿದ್ದ. ಒಂದು ಗಳಿಗೆ ನಿಂತು ಒಳಗೆ ಬಂದ.

"ಬಿಡ್ತಮ್ಮಾ. ಶುದ್ಧ ಬಿಂಬ ನೋಡಿ ಬಂದೆ."

ಆ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು. ಅಂಬುಜಮ್ಮ ಕಷ್ಟಪಟ್ಟು ಕಣ್ಣು ತೆರೆದರು. "ಹಾಗಾದ್ರೆ ಬಾವಿ ರಾಟೆ ಸದ್ದೇ ಇಲ್ವಲ್ಲ?"

ಗ್ರಹಣ ಬಿಟ್ಟೊಡನೆ ವಠಾರವೆಲ್ಲ ಸ್ನಾನಕ್ಕೆಂದು ಬಾವಿಗೆ ನುಗ್ಗುವುದು ವಾಡಿಕೆ. ಬಾಗಿಲಲ್ಲಿ ನಿಂತಿದ್ದ ತುಂಗಾ ಹಿತ್ತಲಿಗೆ ಹೋದಳು. ರಾಟೆ ಕಿರುಗುಟ್ಟಿತು. ಧೊಪ್ಪನೆ ನೀರು ಸುರಿದ ಸದ್ದು; ಮತ್ತೆ ರಾಟೆ, ಮತ್ತೆ ನೀರು.

ಒದ್ದೆ ಸೀರೆಯಲ್ಲೇ ಬಂದು ಅತ್ತೆಯ ತಲೆಗೆ ನೀರು ಪ್ರೋಕ್ಷಿಸಿದಳು. "ನನ್ನ ಸ್ನಾನ ಆಯ್ತು ಅತ್ತೆ. ಕಾಯಿಲೆಯವರಿಗೆ ಇಷ್ಟು ಸಾಕು. ಕುಡೀರಿ."

ಲೋಟ ತುಟಿಗೆ ತಗುಲಿತು. ಒಂದು ಗುಟುಕು. ತಡೆದು ಇನ್ನೊಂದು. ಕಮಲಾಕರ ಆ ಗಂಟಲನ್ನೇ ನೋಡುತ್ತ ಕೂತ. ನಡುಕ ಕಡಿಮೆಯಾಯಿತೆಂದು ಪ್ರತಿ ಸಲವೂ ಅನ್ನಿಸುತ್ತಿತ್ತು, ಮತ್ತೆ ಅನುಮಾನವಾಗುತ್ತಿತ್ತು. ಕೊನೆಗೂ ಹಣೆಯ ಬೆವರು ಆರಿತು. ಅಮ್ಮ ಲೋಟವನ್ನು ತಾವೇ ಹಿಡಿದುಕೊಂಡರು.

ಆಗ ಅಂಗಳದಿಂದ ಎದುರುಮನೆಯ ಗೋದಾಬಾಯಿಯ ದನಿ ಕೇಳಿಸಿತು.

"ಬಾವಿ ಮುಟ್ಟಿದ್ದು ಯಾರು? ಗ್ರಹಣ ಇನ್ನೂ ಅರ್ಧವೂ ಬಿಟ್ಟಿಲ್ಲ. ತುಂಗಾನಾ? ಗಣಿತ ಹಾಕಿದವರ ಮನೆ ಸೊಸೆ. ರೊಂಬ ಚೆಂದ."

ಅಂಬುಜಮ್ಮನ ಕಣ್ಣು ಈಗ ತಿಳಿಯಾಗಿತ್ತು. ಅವರು ಮಗನನ್ನು ನೋಡಿದರು. ಅವನು ತಲೆ ಎತ್ತಲಾರದೆ ಹೋದ. ಸೊಸೆಯನ್ನು ನೋಡಿದರು, ಅವಳ ಕೂದಲಿನಿಂದ ನೀರು ಇಳಿಯುತ್ತಿತ್ತು. ಆಮೇಲೆ ಕೈಯಲ್ಲಿದ್ದ ಲೋಟವನ್ನು ಓರೆ ಮಾಡಿ ಒಳಗೆ ಇಣುಕಿದರು.

"ಸಕ್ಕರೆ ತಳದಲ್ಲೇ ನಿಂತಿದೆ," ಎಂದು ಲೋಟ ಮುಂದೆ ಚಾಚಿದರು. "ಇನ್ನೊಂಚೂರು ನೀರು ಹಾಕು."

ತುಂಗಾ ಬಗ್ಗಿ ಚೊಂಬಿನಿಂದ ಬಗ್ಗಿಸಿದಳು. ಒದ್ದೆ ಜಡೆ ಜಾರಿ ಅತ್ತೆಯ ಮುಂಗೈ ಮೇಲೆ ಬಿತ್ತು. ಅಂಬುಜಮ್ಮ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.